ಗಡಿಠಾಣೆಯಲ್ಲಿ ಮೊಹರು ಯಾರದ್ದು?

ಆರು ಜನ. ಅಜರ್‌ಬೈಜಾನಿನೊಳಗಿದ್ದರೂ ಅರ್ಮೇನಿಯನ್ನರೇ ಹೆಚ್ಚಿದ್ದ ನಗೋರ್ನೊ-ಕರಾಬಾಖ್ ಸೀಮೆಗಾಗಿ 2020ರಲ್ಲಿ ನಡೆದ ಯುದ್ಧಕ್ಕೆ ಮುಂಚೆ ಅರ್ಮೇನಿಯನ್ ಪಡೆಗಳೂ ಅಜರ್‌ಬೈಜಾನಿನ ಪಡೆಗಳೂ ಕಂದಕ ತೋಡಿಕೊಂಡು ಎದುರುಬದುರು ಕೂತಿದ್ದ, ಸುಮಾರು 200 ಕಿಲೋಮೀಟರ್ ಉದ್ದದ ಗೆರೆಯ ಮೇಲೆ ಕಣ್ಣಿಡಲು ಇದ್ದವರು ಅಷ್ಟೇ ಮಂದಿ. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ, ಅಂದರೆ ಒಎಸ್‌ಸಿಇ ಕಳಿಸಿದ್ದ ವೀಕ್ಷಕರು ಇವರು. ತಂಡದ ಮುಖ್ಯಸ್ಥರಾಗಿದ್ದ ಪೋಲೆಂಡಿನ ರಾಜತಾಂತ್ರಿಕ ಆಂಜೆಯ್ ಕಾಸ್ಪ್ರಿಕ್ 1990ರ ದಶಕದ ಕೊನೆಯಿಂದಲೂ ಇದೇ ಕೆಲಸದಲ್ಲಿದ್ದರು. ಯಾವ ದಿನ ಎಲ್ಲಿಗೆ ಬರುತ್ತೇವೆ ಅಂತ ಎರಡೂ ಕಡೆಯವರಿಗೆ ಮೊದಲೇ ಹೇಳಿ ಹೋಗಬೇಕಿತ್ತು. ಉಳಿದ ದಿನಗಳಲ್ಲಿ ಮೊದಲು ಗುಂಡು ಹಾರಿಸಿದವರು ಯಾರು ಅಂತ ಹೇಳಬಲ್ಲ ಮೂರನೆಯವರು ಆ ಗೆರೆಯ ಮೇಲೆ ಇರಲಿಲ್ಲ.

ಅರ್ಮೇನಿಯಾ, ಅಜರ್‌ಬೈಜಾನ್, ಜಾರ್ಜಿಯಾ ಮೂರೂ ಇರುವ ದಕ್ಷಿಣ ಕಾಕಸಸ್ ಪ್ರದೇಶವನ್ನು ಓದಿಕೊಂಡ ವಿಶ್ಲೇಷಕರು ಈ ‘ಆರು’ ಎಂಬ ಅಂಕಿಯನ್ನು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದರು. ಅಮೆರಿಕ, ರಷ್ಯಾ, ಫ್ರಾನ್ಸ್ ಮೂರೂ ಕೂತು ನಡೆಸುತ್ತಿದ್ದ ಮಿನ್ಸ್ಕ್ ಗುಂಪಿನ ಶಾಂತಿ ಮಾತುಕತೆ ಎಷ್ಟೇ ಗಂಭೀರವಾಗಿ ಕಂಡರೂ, ನೆಲದ ಮೇಲೆ ಅದಕ್ಕಿದ್ದ ಕಣ್ಣು ಇವಿಷ್ಟೇ. 2020ರ ಸೆಪ್ಟೆಂಬರ್ 27ರಂದು ಶುರುವಾದ ಯುದ್ಧ 44 ದಿನ ನಡೆಯಿತು. ಎರಡೂ ಕಡೆ ಸೇರಿ ಆರು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಬೆಂಗಳೂರಿನ ವಿಜಯನಗರದಲ್ಲಿ ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತೇನೆ. ಹೋದ ವರ್ಷ ಈ ವಿಷಯ ಬಂದಾಗ ಹುಡುಗನೊಬ್ಬ ನೇರವಾಗಿ ಕೇಳಿದ. “ಮೇಡಂ, ರಷ್ಯಾದ ಪ್ರಭಾವ ಕುಗ್ಗಿತು, ಅಮೆರಿಕದ್ದು ಹೆಚ್ಚಿತು ಅಂತ ಬರೆದ್ರೆ ಸಾಕಲ್ವಾ? ಹತ್ತು ಮಾರ್ಕ್ಸಿನ ಪ್ರಶ್ನೆ ಅಷ್ಟೆ.” ಪರೀಕ್ಷೆಗೆ ಸಾಕಾಗಬಹುದು. ಆದರೆ ಆ ವಾಕ್ಯ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಟಿವಿ ಚರ್ಚೆಗಳಲ್ಲಿ, ಪತ್ರಿಕೆಗಳ ವಿದೇಶ ಪುಟಗಳಲ್ಲಿ ದಿನಾ ಕಾಣುವ ವಾಕ್ಯವೂ ಅದೇ. ಭೂಪಟದ ಮೇಲೆ ದಪ್ಪ ಬಾಣಗಳು. ಒಂದು ದೇಶ ಹೊರಗೆ, ಇನ್ನೊಂದು ಒಳಗೆ. ಒಂದು ಪ್ರದೇಶವನ್ನು ಬದುಕಿಡೀ ಓದಿದವರು ಹೀಗೆ ಬರೆಯುವುದಿಲ್ಲ. ಅವರು ಏನನ್ನು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಮೊದಲಿಗೆ ಥಾಮಸ್ ಡಿ ವಾಲ್. ಬ್ರಿಟಿಷ್ ಪತ್ರಕರ್ತ. 1990ರ ದಶಕದಲ್ಲಿ ಮಾಸ್ಕೋದಲ್ಲಿದ್ದುಕೊಂಡು ಚೆಚನ್ಯಾ ಯುದ್ಧದ ವರದಿ ಮಾಡಿದವರು, ಈಗ ಕಾರ್ನೆಗಿ ಯುರೋಪ್ ಸಂಸ್ಥೆಯಲ್ಲಿದ್ದಾರೆ. ನಗೋರ್ನೊ-ಕರಾಬಾಖ್ ಸಂಘರ್ಷದ ಬಗ್ಗೆ 2003ರಲ್ಲಿ ಅವರು ಪುಸ್ತಕ ಬರೆದರು. ಅದಕ್ಕಾಗಿ ಅರ್ಮೇನಿಯಾ, ಅಜರ್‌ಬೈಜಾನ್, ಕರಾಬಾಖ್ ಮೂರೂ ಕಡೆ ಸುತ್ತಿ, ಮಂತ್ರಿಗಳಿಂದ ಹಿಡಿದು ಮನೆ ಬಿಟ್ಟು ಬಂದವರವರೆಗೆ ಎಲ್ಲರನ್ನೂ ಮಾತಾಡಿಸಿದ್ದರು. ಆಗ ಚಾಲ್ತಿಯಲ್ಲಿದ್ದ ವಿವರಣೆ ಎರಡು. ಶತಮಾನಗಳ ಹಗೆ ಎಂಬುದು ಒಂದು, ಎಲ್ಲವೂ ಮಾಸ್ಕೋದ ಪಿತೂರಿ ಎಂಬುದು ಇನ್ನೊಂದು. ಎರಡನ್ನೂ ಅವರು ಒಪ್ಪಲಿಲ್ಲ. ಸೋವಿಯತ್ ವ್ಯವಸ್ಥೆ ಸಡಿಲಗೊಂಡಾಗ, 1988ರ ಫೆಬ್ರವರಿಯಲ್ಲಿ, ಸಂಘರ್ಷ ಕೆಳಗಿನಿಂದ, ಜನರ ನಡುವಿನಿಂದ ಎದ್ದಿತು, ಹೊರಗಿನ ಶಕ್ತಿಗಳು ಆಮೇಲೆ ಅದರೊಳಗೆ ಬಂದವು ಎಂಬುದು ಅವರ ವಾದ. ಎರಡೂ ಕಡೆಯ ರಾಷ್ಟ್ರವಾದಿಗಳು ಅವರನ್ನು ಬೈದರು, ಈಗಲೂ ಬೈಯುತ್ತಾರೆ. ಅದೇನೇ ಇದ್ದರೂ ಈ ವಾದ ನನಗೆ ಬಹಳ ಮುಖ್ಯ. ಒಂದು ಪ್ರದೇಶದ ಜನಕ್ಕೆ ತಮ್ಮದೇ ಭಯ, ತಮ್ಮದೇ ಆಸೆ, ತಮ್ಮದೇ ಲೆಕ್ಕಾಚಾರ ಇರುತ್ತದೆ ಅಂತ ಒಪ್ಪಿಕೊಂಡ ಮೇಲೆ ತಾನೇ ವಿಶ್ಲೇಷಣೆ ಶುರುವಾಗುವುದು?

ಭಯ ಎರಡೂ ಕಡೆ ಇತ್ತು. 1994ಕ್ಕೆ ನಿಂತ ಮೊದಲ ಯುದ್ಧದಲ್ಲಿ ಕರಾಬಾಖನ್ನಷ್ಟೇ ಅಲ್ಲ, ಸುತ್ತಲಿನ ಏಳು ಜಿಲ್ಲೆಗಳನ್ನೂ, ಕೆಲವನ್ನು ಪೂರ್ತಿ, ಕೆಲವನ್ನು ಭಾಗಶಃ, ಅರ್ಮೇನಿಯನ್ ಪಡೆಗಳು ಹಿಡಿದುಕೊಂಡವು. ಐದು ಲಕ್ಷಕ್ಕೂ ಹೆಚ್ಚು ಅಜರ್‌ಬೈಜಾನಿಗಳು ಮನೆಮಠ ಕಳೆದುಕೊಂಡರು. ಅಗ್ದಾಮ್ ಎಂಬ ಊರು ಗೋಡೆಗಳ ಮೋಟು ಮಾತ್ರ ಉಳಿದ ಹಾಳೂರಾಯಿತು. 1994ರ ಕದನವಿರಾಮದ ನಂತರ ಕಾಲು ಶತಮಾನ ಅದು ಹಾಗೆಯೇ ಇತ್ತು. 2023ರಲ್ಲಿ ಕರಾಬಾಖಿನ ಅರ್ಮೇನಿಯನ್ನರು ಊರು ಬಿಟ್ಟ ಕತೆಯನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ.

ಈಗ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ. 2020ರ ನವೆಂಬರ್ 9ರ ರಾತ್ರಿ ರಷ್ಯಾದ ಪುಟಿನ್, ಅಜರ್‌ಬೈಜಾನಿನ ಅಧ್ಯಕ್ಷ ಅಲಿಯೆವ್, ಅರ್ಮೇನಿಯಾದ ಪ್ರಧಾನಿ ಪಶಿನ್ಯಾನ್ ಮೂವರೂ ಸಹಿ ಹಾಕಿದ ಹೇಳಿಕೆ. ಬರೀ ಒಂಬತ್ತು ಅಂಶ. ರಷ್ಯಾದ 1,960 ಶಾಂತಿಪಾಲಕರು ಕರಾಬಾಖಿಗೆ ಬರುತ್ತಾರೆ, ಐದು ವರ್ಷ ಇರುತ್ತಾರೆ. ಕರಾಬಾಖನ್ನು ಅರ್ಮೇನಿಯಾಕ್ಕೆ ಕೂಡಿಸುವ, ಐದು ಕಿಲೋಮೀಟರ್ ಅಗಲದ ಲಾಚಿನ್ ದಾರಿಯನ್ನು ಅವರೇ ಕಾಯುತ್ತಾರೆ. ಆ ರಾತ್ರಿ ಜಗತ್ತಿನ ಹಲವು ತಲೆಬರಹಗಳು ‘ರಷ್ಯಾ ಗೆದ್ದಿತು’ ಎಂಬ ಧಾಟಿಯಲ್ಲೇ ಇದ್ದವು. ಸೋವಿಯತ್ ಕಾಲದ ನಂತರ ಮೊದಲ ಸಲ ರಷ್ಯಾದ ಸೈನ್ಯಕ್ಕೆ ಕರಾಬಾಖಿನಲ್ಲಿ ಕಾಲೂರಲು ಜಾಗ ಸಿಕ್ಕಿತ್ತು, ನಿಜ.

ಕಾಗದವನ್ನು ಸಾಲುಸಾಲಾಗಿ ಓದಿದವರಿಗೆ ಬೇರೆಯದೇ ಕಂಡಿತು. ಶಾಂತಿಪಾಲಕರು ಯಾವಾಗ ಬಂದೂಕು ಎತ್ತಬಹುದು? ಯಾರನ್ನು ತಡೆಯಬಹುದು? ದಾರಿಗೆ ಯಾರಾದರೂ ಅಡ್ಡ ಕೂತರೆ ಏನು ಮಾಡಬೇಕು? ಇದ್ಯಾವುದೂ ಅದರಲ್ಲಿ ಇಲ್ಲ. ಕರಾಬಾಖಿನ ಜನರ ಸ್ಥಾನಮಾನದ ಬಗ್ಗೆ ಒಂದು ಸಾಲೂ ಇಲ್ಲ. ಕೊನೆಯ ಅಂಶದಲ್ಲಿ ಇನ್ನೊಂದು ವಿಷಯ ಇತ್ತು. ಅಜರ್‌ಬೈಜಾನಿನ ಮುಖ್ಯ ಭೂಭಾಗಕ್ಕೂ, ಅರ್ಮೇನಿಯಾದ ಆಚೆ ಬದಿಯಲ್ಲಿ ಬೇರೆಯಾಗಿ ಉಳಿದ ಅದರ ನಖಿಚೆವಾನ್ ಪ್ರಾಂತ್ಯಕ್ಕೂ ನಡುವೆ ಸಂಚಾರ ತೆರೆಯಬೇಕು, ಅದರ ಉಸ್ತುವಾರಿ ರಷ್ಯಾದ ಭದ್ರತಾ ಸಂಸ್ಥೆ ಎಫ್‌ಎಸ್‌ಬಿಯ ಗಡಿ ಸೇವೆಯದ್ದು ಅಂತ. ಮುಂದಿನ ಐದು ವರ್ಷಗಳ ಜಗಳ ಪೂರ್ತಿ ಆ ಒಂದು ಅಂಶದೊಳಗೆ ಮಡಚಿ ಕೂತಿತ್ತು.

2022ರ ಡಿಸೆಂಬರ್ 12ರಂದು ಪರಿಸರ ಹೋರಾಟಗಾರರು ಅಂತ ಹೇಳಿಕೊಂಡ ಅಜರ್‌ಬೈಜಾನಿಗಳು ಲಾಚಿನ್ ದಾರಿಯಲ್ಲಿ ಬಂದು ಕೂತರು. ರಷ್ಯಾದ ಸೈನಿಕರು ಪಕ್ಕದಲ್ಲೇ ನಿಂತಿದ್ದರು. 2023ರ ಏಪ್ರಿಲ್ 23ರಂದು ಹಕಾರಿ ನದಿಯ ಸೇತುವೆಯ ಹತ್ತಿರ ಅಜರ್‌ಬೈಜಾನ್ ತನ್ನದೇ ತಪಾಸಣಾ ಠಾಣೆ ಕಟ್ಟಿತು. ಆಗಲೂ ಅವರು ಅಲ್ಲೇ ಇದ್ದರು. ಬೇಸಿಗೆಯ ಹೊತ್ತಿಗೆ ಕರಾಬಾಖಿನ ಅಂಗಡಿಗಳ ಕಪಾಟು ಖಾಲಿ, ಬ್ರೆಡ್ಡಿಗೆ ರಾತ್ರಿಯಿಡೀ ಸರದಿ. ಸೆಪ್ಟೆಂಬರ್ 19ರಂದು ಅಜರ್‌ಬೈಜಾನ್ ದಾಳಿ ಮಾಡಿತು, ಮರುದಿನವೇ ಕರಾಬಾಖ್ ಶರಣಾಯಿತು. ಅದೇ ದಿನ ರಷ್ಯಾದ ಶಾಂತಿಪಾಲಕರ ವಾಹನಕ್ಕೂ ಗುಂಡು ಬಿದ್ದು ಅವರಲ್ಲಿ ಕೆಲವರು ಸತ್ತರು. ಮಾಸ್ಕೋ ಗಟ್ಟಿಯಾಗಿ ಮಾತಾಡಲಿಲ್ಲ. ಹತ್ತಿರಹತ್ತಿರ ಒಂದು ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಊರು ಬಿಟ್ಟರು. ಗೋರಿಸ್ ಪಟ್ಟಣಕ್ಕೆ ಎರಡು ಗಂಟೆಯ ದಾರಿ. ಕಾರು, ಟ್ರ್ಯಾಕ್ಟರ್, ಲಾರಿಗಳ ಸಾಲಿನಲ್ಲಿ ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಆ ಪ್ರಯಾಣಕ್ಕೆ ಪೆಟ್ರೋಲ್ ತುಂಬಿಸಿಕೊಳ್ಳಲು ನಿಂತಿದ್ದ ಜನರ ನಡುವೆ ಇಂಧನ ಸಂಗ್ರಹಾಗಾರವೊಂದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು.

ಇದನ್ನು ಪಾಠ ಮಾಡುವಾಗ ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ‘ಪ್ರಾದೇಶಿಕ ಸಮತೋಲನದಲ್ಲಿ ಬದಲಾವಣೆ’ ಎಂಬ ಪದಗುಚ್ಛದ ಅಡಿಯಲ್ಲಿ ಇಷ್ಟೆಲ್ಲ ಇರುತ್ತದೆ ಅಂತ ಮಕ್ಕಳಿಗೆ ಗೊತ್ತಾಗಬೇಕು.

ಹಾಗಾದರೆ ರಷ್ಯಾ ಅರ್ಮೇನಿಯಾದಿಂದ ಹೋಯಿತೇ? ಅರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿದ್ದುಕೊಂಡು ಪ್ರಾದೇಶಿಕ ಅಧ್ಯಯನ ಕೇಂದ್ರ ನಡೆಸುವ ರಿಚರ್ಡ್ ಗಿರಗೋಸ್ಯಾನ್ ಅವರಂಥ ವಿಶ್ಲೇಷಕರನ್ನು ಓದುತ್ತಾ ನಾನು ಕಲಿತದ್ದು, ಪ್ರಭಾವವನ್ನು ಬಿಡಿಬಿಡಿಯಾಗಿ ಎಣಿಸಬೇಕು ಅಂತ. ಯೆರೆವಾನಿನ ಜ್ವಾರ್ಟ್‌ನೋಟ್ಸ್ ವಿಮಾನ ನಿಲ್ದಾಣದಲ್ಲಿ 1992ರಿಂದ ರಷ್ಯಾದ ಗಡಿ ಕಾವಲುಗಾರರಿದ್ದರು. 2024ರ ಜುಲೈ 31ಕ್ಕೆ ಅವರು ಹೊರಟರು. ಇರಾನ್ ಗಡಿಯ ಅಗರಾಕ್ ಠಾಣೆಯಲ್ಲಿ 2025ರ ಜನವರಿ 1ರಿಂದ ಪಾಸ್‌ಪೋರ್ಟ್ ನೋಡಿ ಮೊಹರು ಒತ್ತುವವರು ಅರ್ಮೇನಿಯಾದವರೇ. ರಷ್ಯಾ ಮುಂದಾಳಾಗಿರುವ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ಸದಸ್ಯತ್ವವನ್ನು ಅರ್ಮೇನಿಯಾ 2024ರಲ್ಲಿ ತಡೆಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಅರ್ಮೇನಿಯಾದ ನೆಲದ ಮೇಲೆಯೇ ಅಜರ್‌ಬೈಜಾನ್ ದಾಳಿ ಮಾಡಿದಾಗ ಆ ಸಂಘಟನೆ ನೆರವಿಗೆ ಬಂದಿರಲಿಲ್ಲ. ಪುಟಿನ್ ಮೇಲೆ ಬಂಧನ ವಾರಂಟ್ ಹೊರಡಿಸಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ಅರ್ಮೇನಿಯಾ 2024ರ ಫೆಬ್ರವರಿಯಲ್ಲಿ ಸದಸ್ಯನಾಯಿತು.

ಇನ್ನೊಂದು ಕಡೆ ನೋಡಿ. ಗ್ಯುಮ್ರಿಯ ರಷ್ಯನ್ ಸೇನಾ ನೆಲೆಯ ಒಪ್ಪಂದ 2044ರವರೆಗೆ ಇದೆ. ಅರ್ಮೇನಿಯಾದ ರೈಲು 2008ರಿಂದ ಮೂವತ್ತು ವರ್ಷಕ್ಕೆ ರಷ್ಯಾ ರೈಲ್ವೆಯ ಅಂಗಸಂಸ್ಥೆಯ ಕೈಯಲ್ಲಿದೆ. ಮನೆಮನೆಗೆ ಅನಿಲ ಹಂಚುವ ಕಂಪನಿ ಪೂರ್ತಿ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್‌ನದ್ದು. 2015ರಿಂದ ಅರ್ಮೇನಿಯಾ ರಷ್ಯಾ ಮುಂದಾಳಾಗಿರುವ ಯುರೇಷ್ಯನ್ ಆರ್ಥಿಕ ಒಕ್ಕೂಟದಲ್ಲಿದೆ, ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಜೊತೆಗಿನ ವ್ಯಾಪಾರ ಕುಗ್ಗುವ ಬದಲು ಹಲವು ಪಟ್ಟು ಬೆಳೆಯಿತು. ಅದರ ನಡುವೆಯೇ 2025ರ ಮಾರ್ಚಿನಲ್ಲಿ ಯುರೋಪಿಯನ್ ಒಕ್ಕೂಟ ಸೇರುವ ಪ್ರಕ್ರಿಯೆಗೆ ಸಂಸತ್ತು ಕಾಯ್ದೆ ಮಾಡಿತು. ಎತ್ತು ಏರಿಗೆ, ಕೋಣ ನೀರಿಗೆ. ಸೈನಿಕ ಪ್ರಭಾವ ಒಂದು ರಾತ್ರಿಯಲ್ಲಿ ಕುಸಿಯಬಹುದು. ರೈಲು ಹಳಿಯ ಗುತ್ತಿಗೆ, ಅನಿಲದ ಕೊಳವೆ, ಸೇಬು ಮತ್ತು ಬ್ರಾಂದಿಯ ಮಾರುಕಟ್ಟೆ, ಮಾಸ್ಕೋದಲ್ಲಿ ದುಡಿದು ಮನೆಗೆ ಹಣ ಕಳಿಸುವ ಅಣ್ಣತಮ್ಮಂದಿರು ಹಾಗೆ ಕುಸಿಯುವುದಿಲ್ಲ. ಚಳಿಗಾಲದಲ್ಲಿ ಅನಿಲದ ಬೆಲೆ ಏರಿಸುತ್ತೇವೆ ಎಂಬ ಒಂದು ಮಾತಿಗೆ ಯೆರೆವಾನಿನಲ್ಲಿ ಈಗಲೂ ತೂಕ ಇದೆ. ‘ಹೋಯ್ತು’, ‘ಬಂತು’ ಎಂಬ ಎರಡು ಕ್ರಿಯಾಪದಗಳಲ್ಲಿ ಇದನ್ನು ಹೇಳಲಾಗುವುದಿಲ್ಲ.

ಅಜರ್‌ಬೈಜಾನಿನ ಕತೆ ಇನ್ನೂ ಸೂಕ್ಷ್ಮ. 2022ರ ಫೆಬ್ರವರಿ 22ರಂದು ಅಲಿಯೆವ್ ಮಾಸ್ಕೋದಲ್ಲಿ ರಷ್ಯಾದ ಜೊತೆ ಮೈತ್ರಿಯ ಘೋಷಣೆಗೆ ಸಹಿ ಹಾಕಿದರು. ಎರಡೇ ದಿನಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. ಅದಕ್ಕೆ ಹಿಂದಿನ ವರ್ಷವೇ ಕರಾಬಾಖಿನ ಶುಶಾ ಊರಿನಲ್ಲಿ ಟರ್ಕಿಯ ಜೊತೆ ಇನ್ನೊಂದು ಮೈತ್ರಿ ಘೋಷಣೆ ಆಗಿತ್ತು. ಆಯುಧ ಹೆಚ್ಚಾಗಿ ಇಸ್ರೇಲಿನಿಂದ, ಟರ್ಕಿಯಿಂದ. ರಾಜಧಾನಿ ಬಾಕುವಿನ ಎಣ್ಣೆ 1,768 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಜಾರ್ಜಿಯಾ ದಾಟಿ ಟರ್ಕಿಯ ಕಡಲತೀರಕ್ಕೆ. ಯಾರ ಜೊತೆಗೂ ಪೂರ್ತಿ ಕೂಡಿಕೊಳ್ಳದೆ ಎಲ್ಲರಿಂದಲೂ ಕೆಲಸ ಮಾಡಿಸಿಕೊಳ್ಳುವ ಈ ಜಾಣತನವನ್ನು ಬಿಟ್ಟು ಬಾಕುವಿನ ರಾಜಕಾರಣ ಅರ್ಥವಾಗುವುದಿಲ್ಲ. 2024ರ ಡಿಸೆಂಬರ್ 25ರಂದು ರಷ್ಯಾದ ಗ್ರೋಜ್ನಿಗೆ ಹೊರಟಿದ್ದ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನ ಏಟು ತಿಂದು ಕಜಕಸ್ತಾನದ ಅಕ್ತೌ ಬಳಿ ಬಿದ್ದು, 67 ಜನರಲ್ಲಿ 38 ಜನ ಸತ್ತಾಗ ಅಲಿಯೆವ್ ತಣ್ಣಗೆ ಕೂರಲಿಲ್ಲ. ರಷ್ಯಾ ಹೊಣೆ ಹೊರಬೇಕು ಅಂತ ಬಹಿರಂಗವಾಗಿ ಕೇಳಿದರು. ರಷ್ಯಾದ ವಾಯುರಕ್ಷಣಾ ಕ್ಷಿಪಣಿಗಳು ವಿಮಾನದ ಹತ್ತಿರ ಸಿಡಿದವು ಅಂತ ಪುಟಿನ್ ಒಪ್ಪಿಕೊಂಡದ್ದು 2025ರ ಅಕ್ಟೋಬರಿನಲ್ಲಿ. ಸೋವಿಯತ್ ಅಧೀನದಲ್ಲಿದ್ದ ದೇಶವೊಂದರ ಮುಂದೆ ಮಾಸ್ಕೋ ಹೀಗೆ ಮಾತಾಡುವುದನ್ನು ಹತ್ತು ವರ್ಷದ ಹಿಂದೆ ಊಹಿಸುವುದೂ ಕಷ್ಟವಿತ್ತು.

ಜಾರ್ಜಿಯಾದ ಬಗ್ಗೆ ಒಂದೇ ಮಾತು. 2008ರಲ್ಲಿ ರಷ್ಯಾದ ಸೈನ್ಯದಿಂದ ಹೊಡೆತ ತಿಂದ ಆ ದೇಶದ ಸರ್ಕಾರವೇ 2024ರ ನವೆಂಬರ್ 28ರಂದು ಯುರೋಪಿಯನ್ ಒಕ್ಕೂಟದ ಜೊತೆಗಿನ ಮಾತುಕತೆಯನ್ನು 2028ರವರೆಗೆ ಮುಂದೂಡಿತು, ಅದೇ ರಾತ್ರಿಯಿಂದ ರಾಜಧಾನಿ ಟ್ಬಿಲಿಸಿಯ ರುಸ್ತಾವೆಲಿ ರಸ್ತೆಯಲ್ಲಿ ಜನ ನಿಂತರು. ಪಕ್ಕದ ಎರಡು ದೇಶ ಮಾಸ್ಕೋದಿಂದ ದೂರ ಸರಿಯುವಾಗ ಮೂರನೆಯದು ಪಶ್ಚಿಮದಿಂದ ದೂರ ಸರಿಯಿತು. ದಪ್ಪ ಬಾಣದ ಭೂಪಟದಲ್ಲಿ ಇದಕ್ಕೆ ಜಾಗ ಎಲ್ಲಿ?

ಇದೆಲ್ಲ ನಮಗ್ಯಾಕೆ ಅಂತ ಕೇಳುವವರಿಗೆ ಉತ್ತರ ನಮ್ಮೂರಲ್ಲೇ ಇದೆ. ಹಾರಿ ಬರುವ ಶೆಲ್ಲಿನ ಪಥವನ್ನು ಹಿಡಿದು, ಅದು ಯಾವ ಜಾಗದ ಫಿರಂಗಿಯಿಂದ ಹೊರಟಿತು ಅಂತ ಲೆಕ್ಕ ಹಾಕಿ ತೋರಿಸುವ ಸ್ವಾತಿ ರೇಡಾರ್ ರೂಪುಗೊಂಡದ್ದು ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯದಲ್ಲಿ, ತಯಾರಿಸುವುದು ಬಿಇಎಲ್. ಅಂಥ ನಾಲ್ಕು ರೇಡಾರುಗಳನ್ನು ಸುಮಾರು 4 ಕೋಟಿ ಡಾಲರಿಗೆ ಅರ್ಮೇನಿಯಾ ಕೊಳ್ಳುತ್ತಿದೆ ಅಂತ 2020ರ ಮಾರ್ಚಿನಲ್ಲಿ ವರದಿಯಾಯಿತು. ಆಮೇಲೆ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿ, ಫಿರಂಗಿ. ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 2011ರಿಂದ 2020ರವರೆಗೆ ಅರ್ಮೇನಿಯಾ ತರಿಸಿಕೊಂಡ ದೊಡ್ಡ ಆಯುಧಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ರಷ್ಯಾದ್ದು. ಈಗ ಆ ಪಟ್ಟಿಯ ಮೇಲ್ತುದಿಯಲ್ಲಿ ಭಾರತ ಇದೆ. ನನ್ನ ತರಗತಿಯ ಹುಡುಗಿಯೊಬ್ಬಳು ಜಾಲಹಳ್ಳಿಯವಳು, ಅಪ್ಪ ಬಿಇಎಲ್‌ನಲ್ಲಿದ್ದು ನಿವೃತ್ತರಾದವರು. “ಮೇಡಂ, ನಮ್ಮಪ್ಪ ಕೆಲಸ ಮಾಡ್ತಿದ್ದ ಕಡೆಯಿಂದ ಹೋದ ರೇಡಾರು ಅಲ್ಲಿ ಯಾರ ಮನೆ ಕಾಯ್ತಿದೆ ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ,” ಅಂದಳು. ಬಹಳ ಸರಿಯಾದ ಮಾತು ಅದು. ಹೊರಗಿನ ಪ್ರಭಾವದ ಪಟ್ಟಿ ಮಾಡುವಾಗ ನಾವು ರಷ್ಯಾ, ಅಮೆರಿಕ, ಟರ್ಕಿ, ಇರಾನ್ ಅಂತ ಬರೆಯುತ್ತೇವೆ. ಅಲ್ಲಿನ ವಿಶ್ಲೇಷಕರ ಪಟ್ಟಿಯಲ್ಲಿ ಭಾರತವೂ ಇದೆ. ಮಾರುವವರಿಗೆ ಕೊಳ್ಳುವವರ ಊರು ಗೊತ್ತಿರಬೇಕು.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ಅಜರ್‌ಬೈಜಾನ್ ಪಾಕಿಸ್ತಾನದ ಪರ ಮಾತಾಡಿದ್ದಕ್ಕೆ ನಮ್ಮವರು ಬಾಕು ಪ್ರವಾಸಗಳನ್ನು ರದ್ದು ಮಾಡಿದರು. ಕೆಲವೇ ವಾರಗಳಲ್ಲಿ ಅರ್ಮೇನಿಯಾ ‘ನಮ್ಮ ಮಿತ್ರ’, ಅಜರ್‌ಬೈಜಾನ್ ‘ಶತ್ರು’ ಎಂಬ ಎರಡು ಡಬ್ಬಿ ತಯಾರಾದವು. ಆದರೆ ಆಗಸ್ಟ್ 31ರಂದು ಅರ್ಮೇನಿಯಾ ಮತ್ತು ಪಾಕಿಸ್ತಾನ ರಾಜತಾಂತ್ರಿಕ ಸಂಬಂಧ ಬೆಳೆಸಿಕೊಂಡವು. ಅಲ್ಲಿಯವರೆಗೆ ಅರ್ಮೇನಿಯಾವನ್ನು ಒಂದು ದೇಶ ಅಂತ ಪಾಕಿಸ್ತಾನ ಒಪ್ಪಿರಲೇ ಇಲ್ಲ. ಯೆರೆವಾನಿನ ಸಂಕಟ, ಯೆರೆವಾನಿನ ಲೆಕ್ಕಾಚಾರ ನಮ್ಮ ಸಿಟ್ಟಿನ ಹಿಂದೆ ಬರುವುದಿಲ್ಲ. ಅದು ಸಹಜವೂ ಹೌದು.

ಇಂಥ ವಿಶ್ಲೇಷಣೆ ಮಾಡುವವರಿಗೆ ತೆರಬೇಕಾದ ಬೆಲೆಯ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಬಹ್ರೂಜ್ ಸಮದೋವ್ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಜರ್‌ಬೈಜಾನಿ ಯುವಕ. ತನ್ನ ದೇಶದ ಯುದ್ಧೋತ್ಸಾಹವನ್ನು ಟೀಕಿಸಿ ಬರೆದ, ಅರ್ಮೇನಿಯನ್ನರ ಜೊತೆ ಮಾತುಕತೆ ಇಟ್ಟುಕೊಂಡ. 2024ರ ಆಗಸ್ಟಿನಲ್ಲಿ ಊರಿಗೆ ಬಂದಿದ್ದಾಗ ಬಂಧಿಸಿದರು. ದೇಶದ್ರೋಹದ ಆರೋಪದಲ್ಲಿ 2025ರ ಜೂನಿನಲ್ಲಿ 15 ವರ್ಷದ ಶಿಕ್ಷೆ. ತಾಲಿಶ್ ಸಮುದಾಯದ ಸಂಶೋಧಕ ಇಕ್ಬಾಲ್ ಅಬಿಲೋವ್‌ಗೆ ಅದಕ್ಕೆ ಒಂದು ತಿಂಗಳು ಮುಂಚೆ 18 ವರ್ಷ. ಇಬ್ಬರ ವಿಚಾರಣೆಯೂ ಮುಚ್ಚಿದ ಬಾಗಿಲ ಹಿಂದೆ. ಎದುರು ಪಕ್ಷದ ವಿದ್ವಾಂಸನಿಗೆ ಒಂದು ಸಂದೇಶ ಕಳಿಸಿದ್ದು, ಒಂದು ಲೇಖನ ಹಂಚಿಕೊಂಡದ್ದು ನ್ಯಾಯಾಲಯದಲ್ಲಿ ಬೇಹುಗಾರಿಕೆ ಆಗುವುದಾದರೆ, ಆ ಪ್ರದೇಶದ ಬಗ್ಗೆ ತಿಳಿದು ಬರೆಯುವವರು ಯಾರು ಉಳಿಯುತ್ತಾರೆ? ದೂರದ ರಾಜಧಾನಿಗಳಲ್ಲಿ ಕೂತು ಬಾಣ ಬರೆಯುವವರು ಮಾತ್ರ. ಪ್ರಾಮಾಣಿಕ ವಿಶ್ಲೇಷಣೆಗೆ ಎರಡೂ ಕಡೆ ಫೋನ್ ಎತ್ತುವ ಗೆಳೆಯರು ಬೇಕು. ಆ ಗೆಳೆತನವನ್ನೇ ಅಪರಾಧ ಮಾಡಿದರೆ ಮುಂದಿನ ಯುದ್ಧದ ಮುನ್ಸೂಚನೆ ಕೊಡುವವರೂ ಇರುವುದಿಲ್ಲ.

ದಾರಿ ಮುಚ್ಚಿದಾಗ ಕೆಲವರು ಆಕಾಶದಿಂದ ನೋಡುತ್ತಾರೆ. ಕಾರ್ನೆಲ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ಪುರಾತತ್ವಜ್ಞರು ಸೇರಿ 2020ರಲ್ಲಿ ಕಾಕಸಸ್ ಹೆರಿಟೇಜ್ ವಾಚ್ ಶುರು ಮಾಡಿದರು. ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಚರ್ಚು, ಮಠ, ಸ್ಮಶಾನ ಒಂದೊಂದನ್ನೂ ಪರಿಶೀಲಿಸುತ್ತಾರೆ. ನಖಿಚೆವಾನಿನಲ್ಲಿ ಅವರು ಜಾಗ ಗುರುತಿಸಿದ 110 ಹಳೆಯ ಅರ್ಮೇನಿಯನ್ ಸ್ಮಾರಕಗಳ ಪೈಕಿ 108 ಪೂರ್ತಿ ನೆಲಸಮ ಆಗಿದ್ದವು. ಅದೇ ತಂಡ ಅರ್ಮೇನಿಯನ್ನರ ಹಿಡಿತದಲ್ಲಿದ್ದಾಗ ಹಾಳಾದ ಅಜರ್‌ಬೈಜಾನಿ ಸ್ಮಾರಕಗಳನ್ನೂ ದಾಖಲಿಸಿದೆ. ಒಂದೇ ಅಳತೆಗೋಲನ್ನು ಎರಡೂ ಕಡೆಗೆ ಹಿಡಿಯುವ ಈ ಶಿಸ್ತಿಗೆ ನಾನು ತಲೆಬಾಗುತ್ತೇನೆ.

ಈಗ 2025ರ ಆಗಸ್ಟ್ 8ಕ್ಕೆ ಬರುತ್ತೇನೆ. ವಾಷಿಂಗ್ಟನ್ನಿನಲ್ಲಿ ಟ್ರಂಪ್ ಎದುರು ಅಲಿಯೆವ್, ಪಶಿನ್ಯಾನ್ ಕೈಕುಲುಕಿದರು. ಶಾಂತಿ ಒಪ್ಪಂದದ ಕರಡಿಗೆ ಎರಡೂ ವಿದೇಶಾಂಗ ಸಚಿವರು ಕಿರುಸಹಿ ಹಾಕಿದರು. ಮಿನ್ಸ್ಕ್ ಗುಂಪನ್ನು ಮುಚ್ಚಿ ಅಂತ ಜೊತೆಯಾಗಿ ಕೇಳಿಕೊಂಡರು, ಆ ವರ್ಷದ ಕೊನೆಯೊಳಗೆ ಅದು ಮುಚ್ಚಿಯೂ ಹೋಯಿತು. ಅರ್ಮೇನಿಯಾದ ದಕ್ಷಿಣ ತುದಿಯ ಮೇಘ್ರಿಯ ಮೂಲಕ ನಖಿಚೆವಾನಿಗೆ ಹೋಗುವ 43 ಕಿಲೋಮೀಟರ್ ಆಸುಪಾಸಿನ ದಾರಿಗೆ ಟ್ರಂಪ್ ಹೆಸರು ಇಟ್ಟಾಯಿತು. 2020ರ ಕಾಗದದಲ್ಲಿ ಎಫ್‌ಎಸ್‌ಬಿಗೆ ಬರೆದಿದ್ದ ಜಾಗದಲ್ಲಿ ಈಗ ಅಮೆರಿಕದ ಕಂಪನಿಗಳ ಮಾತು. ನನ್ನ ವಿದ್ಯಾರ್ಥಿಯ ವಾಕ್ಯ ಹುಟ್ಟಿದ್ದು ಇಲ್ಲಿಂದಲೇ, ಅವನ ತಪ್ಪೇನಿಲ್ಲ.

ಆದರೂ ಮೇಘ್ರಿಗೆ ಹೋಗಿ ನಿಂತು ನೋಡಿದವರು ಬರೆಯುವುದು ಬೇರೆ. ಅರಸ್ ನದಿಯ ಆಚೆ ದಡ ಇರಾನಿನದ್ದು. ತನ್ನ ಗಡಿಯಂಚಿಗೆ ಅಮೆರಿಕ ಬರುವುದು ಟೆಹರಾನಿಗೆ ಬೇಡ. ಸೋವಿಯತ್ ಕಾಲದಲ್ಲಿ ಇಲ್ಲಿ ಓಡುತ್ತಿದ್ದ ರೈಲು 1990ರ ದಶಕದ ಶುರುವಿಗೇ ನಿಂತಿತು, ಹಳಿ ಎಂದೋ ಕಿತ್ತುಹೋಗಿದೆ. ಹೊಸ ಹಳಿ ಹಾಕಿದರೂ ಅದು ಕೂಡಿಕೊಳ್ಳಬೇಕಾದ ಅರ್ಮೇನಿಯಾದ ಉಳಿದ ಜಾಲ ರಷ್ಯಾದ ಗುತ್ತಿಗೆಯಲ್ಲಿದೆ. ಒಪ್ಪಂದಕ್ಕೆ ಪೂರ್ತಿ ಸಹಿ ಬೀಳಬೇಕಾದರೆ ಅರ್ಮೇನಿಯಾ ತನ್ನ ಸಂವಿಧಾನವನ್ನೇ ಬದಲಿಸಬೇಕು ಎಂಬುದು ಬಾಕುವಿನ ಷರತ್ತು. ಗಡಿಯಲ್ಲಿ ಮೂರನೇ ದೇಶದ ಪಡೆ ಇರಬಾರದು ಎಂಬ ಮಾತು ಕರಡಿನಲ್ಲಿದೆ. ಅಂದರೆ 2023ರ ಫೆಬ್ರವರಿಯಿಂದ ಅರ್ಮೇನಿಯಾದ ಬದಿಯಲ್ಲಿ ಗಸ್ತು ತಿರುಗುತ್ತಿರುವ ಯುರೋಪಿಯನ್ ಒಕ್ಕೂಟದ ವೀಕ್ಷಕರು ಗಡಿಯಿಂದ ಹಿಂದೆ ಸರಿಯಬೇಕಾಗುತ್ತದೆ.

ಹದಿನೇಳು ಕಲಮುಗಳ ಆ ಕರಡನ್ನು ನಾನು ತರಗತಿಯಲ್ಲಿ ಮಕ್ಕಳ ಕೈಗೇ ಕೊಟ್ಟು ಓದಿಸಿದೆ. ಪರಸ್ಪರ ಹೂಡಿದ ಅಂತರರಾಷ್ಟ್ರೀಯ ದಾವೆಗಳನ್ನು ವಾಪಸ್ ಪಡೆಯಬೇಕು ಅಂತ ಇದೆ. ಊರು ಬಿಟ್ಟ ಒಂದು ಲಕ್ಷ ಕರಾಬಾಖಿ ಅರ್ಮೇನಿಯನ್ನರು ಹಿಂದಿರುಗುವ ಬಗ್ಗೆ ಒಂದು ಕಲಮೂ ಇಲ್ಲ. ಸೋವಿಯತ್ ಪತನದ ಕಾಲದಲ್ಲಿ ಅರ್ಮೇನಿಯಾ ಬಿಟ್ಟು ಹೋದ ಅಜರ್‌ಬೈಜಾನಿಗಳ ಬಗ್ಗೆಯೂ ಇಲ್ಲ. ಆ ಜಾಲಹಳ್ಳಿಯ ಹುಡುಗಿ ಎರಡು ಸಲ ಓದಿ, “ಇದರಲ್ಲಿ ದಾರಿ ಇದೆ ಮೇಡಂ, ಜನ ಇಲ್ಲ,” ಅಂದಳು. ಮುಂದಿನ ವಾರಕ್ಕೆ ಅವರೆಲ್ಲರಿಗೂ ಕೊಟ್ಟ ಕೆಲಸ ಇಷ್ಟು: 2020ರ ಒಂಬತ್ತು ಅಂಶಗಳನ್ನೂ ಈ ಹದಿನೇಳು ಕಲಮುಗಳನ್ನೂ ಪಕ್ಕಪಕ್ಕ ಇಟ್ಟು, ಯಾವ ಮಾತಿಗೆ ಹೊಣೆಗಾರ ಯಾರು ಅಂತ ಒಂದೊಂದಕ್ಕೂ ಹೆಸರು ಬರೆದು ತರಬೇಕು.